ಮೂರಡಿ ನಾಲ್ಕು ಅಂಗುಲ

ಯಾವ ಯುದ್ಧದಲ್ಲಿ ಗಾಯ ಎಂದು ಕೇಳುತ್ತೀರಿ, ಗುಮಾಸ್ತರೇ,
ನಿಮ್ಮ ಹಾಳೆಯಲ್ಲಿ ಅದಕ್ಕೊಂದು ಖಾನೆ ಇದೆ.
ಬರೆದುಕೊಳ್ಳಿ: ಯುದ್ಧವಲ್ಲ. ಒಂದು ಒಡ್ಡು.
ಲೂಸಿಯಾನದ ಕೆಂಪು ನದಿ,
ಅಲೆಕ್ಸಾಂಡ್ರಿಯ ಊರಿನ ಮೇಲಿನ ಬಂಡೆಸಾಲು,
ಅರವತ್ತನಾಲ್ಕನೆಯ ಇಸವಿ, ಮೇ ತಿಂಗಳು.
ಈ ಹೆಗಲು ಹೋದದ್ದು ಅಲ್ಲಿ.

ಯೋಜನೆ ದೊಡ್ಡದಿತ್ತು.
ನದಿಗುಂಟ ಮೇಲೇರಿ ಶ್ರೀವ್‌ಪೋರ್ಟ್ ಹಿಡಿಯುವುದು,
ಅಲ್ಲಿಂದ ಟೆಕ್ಸಸ್. ಉತ್ತರದಿಂದ ಇನ್ನೊಂದು ದಂಡು ಇಳಿದು ಬಂದು
ಕತ್ತರಿಯ ಎರಡು ಅಲಗು ಕೂಡುವ ಹಾಗೆ.
ದಾರಿಯಲ್ಲಿ ಸಿಕ್ಕ ಹತ್ತಿ ಸಿಕ್ಕವರಿಗೆ.
ನಕ್ಷೆ ಹಾಸಿದ ಮೇಜನ್ನು ಹೊತ್ತು ತಿರುಗಿದವನು ನಾನೇ,
ಕೆಂಪು ನದಿ ಅದರಲ್ಲಿ ನೀಲಿ ಗೆರೆ.
ಗೆರೆಗೆ ಆಳ ಇರುವುದಿಲ್ಲ, ಬೇಸಿಗೆಯೂ ಇರುವುದಿಲ್ಲ.

ಪೈನ್ ಕಾಡಿನಲ್ಲಿ ಒಂದೇ ದಾರಿ.
ಮುಂದೆ ಕುದುರೆ, ನಡುವೆ ಬಂಡಿಗಳ ಸಾಲು, ಹಿಂದೆ ಕಾಲಾಳು.
ಹೊಡೆತ ಮುಂದೆ ಬಿದ್ದಾಗ ಹಿಂದಿನವರಿಗೆ ಸದ್ದು ಮಾತ್ರ,
ಆಮೇಲೆ ಓಡಿ ಬರುವವರ ಮುಖ.
ದಂಡು ತಿರುಗಿತು.
ಬಂದು ನೋಡಿದರೆ ಹೊಳೆ ಬತ್ತಿದೆ,
ಕಬ್ಬಿಣದ ಹಡಗುಗಳು ಬಂಡೆಗಳ ಮೇಲ್ಗಡೆ,
ಗಂಟಲಲ್ಲಿ ಸಿಕ್ಕ ತುತ್ತಿನ ಹಾಗೆ.
ದಾಟಲು ಬೇಕಾದದ್ದು ಏಳಡಿ ನೀರು.
ಇದ್ದದ್ದು ಮೂರಡಿ ನಾಲ್ಕು ಅಂಗುಲ.
ನನ್ನ ವಯಸ್ಸು ನನಗೆ ಗೊತ್ತಿಲ್ಲ, ಈ ಲೆಕ್ಕ ಬಾಯಿಪಾಠ.

ಆಚೆ ದಡದಲ್ಲಿ ಮೇಯ್ನ್ ನಾಡಿನ ಮರಕಡುಕರು
ಓಕ್ ಮರಗಳನ್ನು ಎಲೆಸಹಿತ ನೀರಿಗೆ ತಳ್ಳಿದರು.
ಥರ್ಲೋ ಅಂತ ಒಬ್ಬ, ಮೂಗು ಮುರಿದವನು,
ಕತ್ತಿನವರೆಗೆ ನೀರಲ್ಲಿ ನಿಂತು ಬೈಗುಳ ಹಾಡುತ್ತಿದ್ದ.
ಈಚೆ ದಡದಲ್ಲಿ ಮರವಿಲ್ಲ. ನಾವು ಕರಿಯರ ಪಲ್ಟನ್ನು
ಮನೆ ಕಿತ್ತೆವು, ಗಿರಣಿ ಕಿತ್ತೆವು,
ತೊಟ್ಟಿಲಿನಂಥ ಮರದ ಪೆಟ್ಟಿಗೆಗೆ ಇಟ್ಟಿಗೆ ತುಂಬಿ
ಹೊಳೆಯಲ್ಲಿ ಮಲಗಿಸಿದೆವು.

ಮೂರನೆಯ ದಿನ ಕಿತ್ತ ಗಿರಣಿ ನನಗೆ ಗೊತ್ತಿದ್ದದ್ದು.
ದ್ಯುಫೂರ್ ದೊರೆಯ ಸಕ್ಕರೆ ಗಿರಣಿ.
ಅದರ ಉರುಳೆಗಳ ನಡುವೆ ನಮ್ಮಪ್ಪ ಎವಾರಿಸ್ತ್‌ನ ಬಲಗೈ
ಮೊಣಕೈತನಕ ಕಬ್ಬಿನ ಜೊತೆ ಹೋಗಿತ್ತು.
ರಸ ಕೆಟ್ಟಿತೆಂದು ಆಮೇಲೆ ಅವನಿಗೇ ಏಟು.
ಆ ಉರುಳೆಯನ್ನು ಎಂಟು ಜನ ಎತ್ತಿದೆವು.
ಒಬ್ಬ ಜಾರಿದ. ಭಾರ ಈ ಕಡೆ ವಾಲಿತು.
ಬಿಡು, ಹೊನೋರೆ, ಬಿಡು ಅಂದರು.
ಬಿಡಲಿಲ್ಲ.
ಹೆಗಲಲ್ಲಿ ಕಬ್ಬು ಮುರಿದ ಸದ್ದು.
ನೀರಿಗೆ ಬಿದ್ದ ಸದ್ದು ಅದಕ್ಕಿಂತ ದೊಡ್ಡದು.
ನೋವು ಮರುದಿನ ಬಂತು.

ಇದನ್ನು ನೀವು ಬರೆಯುತ್ತಿಲ್ಲ.

ಒಂಬತ್ತನೆಯ ಬೆಳಗಿನ ಜಾವ ಒಡ್ಡು ಒಡೆಯಿತು.
ಒಡೆದ ಬಾಯಿಗೇ ಒಂದು ಹಡಗು ಮೂತಿ ತೂರಿತು,
ಮುಳುಗಿತು ಅಂದುಕೊಂಡೆವು, ಕೆಳಗೆ ಎದ್ದಿತು,
ಎರಡೂ ದಡದಲ್ಲಿ ಸಾವಿರಾರು ಗಂಟಲು ಕೂಗಿದವು.
ಸೋತ ದಂಡು ಹಾಗೆ ಕೂಗಿದ್ದನ್ನು ನಾನು ಮತ್ತೆ ಕೇಳಿಲ್ಲ.
ಉಳಿದ ಹಡಗುಗಳಿಗೆ ಮತ್ತೆ ಕಟ್ಟಿದೆವು,
ನಾನು ಒಂದು ಕೈಯಲ್ಲಿ.

ಹದಿಮೂರಕ್ಕೆ ಹೊರಟೆವು. ಊರಿಗೆ ಬೆಂಕಿ ಬಿತ್ತು,
ಯಾರು ಹಚ್ಚಿದರೋ.
ಆಚೆ ದಡದಲ್ಲಿ ನಮ್ಮ ಜನ ನಿಂತಿದ್ದರು,
ಹಡಗನ್ನು ನಂಬಿ ತೋಟ ಬಿಟ್ಟು ಬಂದವರು:
ಗಂಟು, ಕೋಳಿ, ಕಂಕುಳಲ್ಲಿ ಕೂಸು.
ಜಾಗವಿಲ್ಲ ಅಂದರು. ಒಂದೆರಡರಲ್ಲಿ ಹತ್ತಿ ಇತ್ತು, ನಾನು ಕಂಡೆ.
ಅವರ ನಡುವೆ ನನ್ನ ತಂಗಿ ಜೆಲೀ,
ಆಚೆ ತೋಟಕ್ಕೆ ಮಾರಿಹೋಗಿದ್ದವಳು,
ತಲೆಯ ಮೇಲೆ ಒಂದು ಕುರ್ಚಿ.
ಕುರ್ಚಿ ಯಾಕೆ ತಂದಳೋ.
ಎರಡು ಕೈಯಲ್ಲೂ ಅದನ್ನು ಹಿಡಿದಿದ್ದಳು,
ಕೈ ಬೀಸಲಿಲ್ಲ.
ಮೂರಡಿ ನಾಲ್ಕು ಅಂಗುಲ ಆಗಿದ್ದರೆ
ಕುರ್ಚಿ ನೆನೆಯದ ಹಾಗೆ ನಡೆದು ಬರುತ್ತಿದ್ದಳು.

ಸಾಕ್ಷಿಯೇ? ಬೇಸಿಗೆಯಲ್ಲಿ ಹೋಗಿ ನೋಡಿ,
ಉರುಳೆಯ ಬೆನ್ನು ಮೇಲೆ ಕಾಣುತ್ತದೆ.
ಸಹಿ ಬಾರದು. ಗೀಟು ಎಲ್ಲಿ ಹಾಕಲಿ?
ಬಲಗೈ ಮೇಜಿನ ತನಕ ಏಳುವುದಿಲ್ಲ,
ಎಡಗೈಯದು ನಡೆಯುತ್ತದೆಯೇ?